ಜೋಯಿಡಾದ ಹಳ್ಳಕ್ಕೆ ಬಂದ ಸಮುದ್ರ

ಮೊನ್ನೆ ಹಳಿಯಾಳದ ಕಿರಾಣಿ ಅಂಗಡಿಯಲ್ಲಿ ಏಲಕ್ಕಿ ತೂಗುವ ಮುಂಚೆ ಅಂಗಡಿಯಾಕೆ ಫ್ಯಾನು ಆರಿಸಿದಳು. "ಗಾಳಿಗೆ ಕಾಟಾ ಕುಣಿತೈತ್ರಿ" ಅಂದಳು. ನಾನು ಅಭ್ಯಾಸಬಲದಿಂದ ಉಸಿರು ಹಿಡಿದು ನಿಂತೆ. ಆಕೆ ನನ್ನನ್ನೇ ನೋಡಿದಳು. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ಎಷ್ಟೋ ವರ್ಷಗಳ ಹಿಂದೆ ದಾಂಡೇಲಿಯ ನಮ್ಮ ಮನೆಯ ಹಿಂದಿನ ಖೋಲಿಗೆ ಶೈಲಾ ಬಾಡಿಗೆಗೆ ಬಂದಳು. ವಿಶ್ವವಿದ್ಯಾಲಯದಲ್ಲಿ ಕಲ್ಲು ಮಣ್ಣಿನ ಸಂಶೋಧನೆ ಮಾಡುವ ಹುಡುಗಿ. ದಪ್ಪ ದಪ್ಪ ಪುಸ್ತಕ ತಂದಾಳು ಅಂದುಕೊಂಡಿದ್ದೆ. ಅವಳು ತಂದದ್ದು ಇನ್ನೊಂದು ಅಡಿಗೆಮನೆ! ನೈಲಾನಿನ ಜರಡಿ, ಅಗೇಟು ಕಲ್ಲಿನ ನುಣ್ಣನೆಯ ಖಲಬತ್ತ, ಗಾಜಿನ ಪೆಟ್ಟಿಗೆಯೊಳಗೆ ಕೂತ ತಕ್ಕಡಿ. ಆ ತಕ್ಕಡಿ ಹೊರಬಂತೆಂದರೆ ಕಿಟಕಿ ಬಂದ್, ಫ್ಯಾನು ಬಂದ್, ನನ್ನ ಬಾಯಿಯೂ ಬಂದ್. ಸಾರಿಗೆ ಉಪ್ಪನ್ನು ಮುಷ್ಟಿಯಲ್ಲೇ ಅಳೆಯುವ ನನಗೆ ಅದೊಂದು ದೇವರ ಕೋಣೆಯ ಹಾಗೆ ಕಾಣುತ್ತಿತ್ತು.

ಜೋಯಿಡಾ ಕಡೆಯ ಹಳ್ಳಗಳಿಂದ ಅವಳು ಹಸಿ ಮಣ್ಣು ತಂದು ನಮ್ಮ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ತಾಟುಗಳಲ್ಲಿ ಒಣಗಹಾಕುತ್ತಿದ್ದಳು. ನನ್ನ ಸ್ಟೀಲ್ ತಾಟು ಕೊಡಹೋದರೆ, "ಬ್ಯಾಡ್ರಿ ಅಕ್ಕಾರ, ಕಬ್ಬಿಣದ ಅಂಶ ಹತ್ತೀತು" ಅಂದಳು. ಒಣಗಿದ ಮೇಲೆ ಜರಡಿ ಹಿಡಿದು, ಖಲಬತ್ತದಲ್ಲಿ ಅರೆದು, ಧಾರವಾಡಕ್ಕೆ ಒಯ್ಯುವುದು. ಅಲ್ಲಿಯ ದೊಡ್ಡ ಯಂತ್ರ ಮಣ್ಣಿನೊಳಗೆ ಏನೇನು ಎಷ್ಟೆಷ್ಟಿದೆ ಎಂದು ಹೇಳುತ್ತಿತ್ತು.

ಓಣಿಯ ಹೆಂಗಸರೆಲ್ಲ ಮಾಳಿಗೆ ಹತ್ತಿ ನೋಡಿದ್ದೇ ನೋಡಿದ್ದು. "ಇದ್ರಾಗ ಬಂಗಾರ ಐತೇನ ತಂಗಿ?" ಅಂತ ಒಬ್ಬಾಕೆ; "ಬಂಗಾರ ಇದ್ರ ಅಕಿ ನಿನ್ನ ಮುಂದ ಯಾಕ ಹರವ್ಯಾಳ?" ಅಂತ ಇನ್ನೊಬ್ಬಾಕೆ. ಅದೇ ವಾರ ಶೈಲಾ ಹಳ್ಳದಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಮರುದಿನ ಚೀಲದ ಪಟ್ಟಿ ಹರಿಯಿತು. ಇದು ಅವರ ಕಣ್ಣು ತಾಗಿದ್ದೇ ಎಂದು ನನಗೆ ಖಾತ್ರಿಯಾಯಿತು. ಹೇಳಿದರೆ ನಗುತ್ತಾಳೆ. ಅವಳು ಸ್ನಾನಕ್ಕೆ ಹೋದಾಗ ಮುಷ್ಟಿ ತುಂಬ ಉಪ್ಪು ಹಿಡಿದು, ಮಾಳಿಗೆಯಲ್ಲಿದ್ದ ತಾಟುಗಳಿಗೆ ಮೂರು ಸಲ ನಿವಾಳಿಸಿ ನೀರಿಗೆ ಹಾಕಿ ಬಂದೆ. ಬೆರಳ ಸಂದಿಯಿಂದ ಮೂರೂ ತಾಟಿಗೆ ನಾಲ್ಕಾರು ಹರಳು ಬಿದ್ದವು. ಹಸಿ ಮಣ್ಣು ನುಂಗಿಬಿಟ್ಟಿತು. ಹೆಕ್ಕುವುದಕ್ಕೂ ಸಿಗಲಿಲ್ಲ. ಹೋಗಲಿ, ಉಪ್ಪು ತಾನೆ!

ತಿಂಗಳ ಮೇಲೆ ಶೈಲಾ ಧಾರವಾಡದ ಬಸ್ಸಿನಿಂದ ಇಳಿದು ಬಂದವಳು ಚಹಾ ಮುಟ್ಟಲಿಲ್ಲ. ಮೂರು ಚೀಲದ ಮಣ್ಣಿನಲ್ಲಿ ಯಂತ್ರಕ್ಕೆ ಉಪ್ಪು ಸಿಕ್ಕಿತ್ತಂತೆ. "ಕಾರವಾರದ ಸಮುದ್ರ ಘಟ್ಟ ಹತ್ತಿ ಜೋಯಿಡಾಕ್ಕ ಬಂತೇನವಾ, ಅಂತ ಕೇಳಿದ್ರು ನಮ್ಮ ಸರ್. ಕಾರಣ ಹೇಳಾಕ ಆಗದಿದ್ರ ಉಳಿದ ಚೀಲದ ಲೆಕ್ಕಾನೂ ನಂಬೂದಿಲ್ಲಂತ. ಎಲ್ಲಾ ಮೊದಲಿಂದ ಮಾಡಬೇಕ್ರಿ. ಇಡೀ ವರ್ಷ ಹೋತು."

ಒಳಗೆ ಹೋಗಿ ನಮ್ಮ ಯಜಮಾನರಿಗೆ ಪಿಸುಗುಟ್ಟಿದೆ. "ಸುಮ್ನಿರು, ಅಕಿಗೇನ ಗೊತ್ತಾಗ್ತೈತಿ" ಅಂದರು. ಗೊತ್ತಾಗಲಾರದು ನಿಜ. ಯಂತ್ರ ಉಪ್ಪಿನ ಹೆಸರು ಹೇಳಿತ್ತೇ ಹೊರತು ನನ್ನದನ್ನಲ್ಲ. ಆದರೆ ಪಡಸಾಲೆಯಲ್ಲಿ ಆ ಹುಡುಗಿ ಇನ್ನೂ ನೋಯುತ್ತಿದ್ದ ಕಾಲು ಚಾಚಿಕೊಂಡು ಗೋಡೆ ನೋಡುತ್ತ ಕೂತಿದ್ದಳು.

"ಶೈಲಾ, ಸಮುದ್ರ ಬಂದಿಲ್ಲ ತಂಗಿ. ನಾ ಹತ್ತಿದ್ದೆ ಮಾಳಿಗಿ" ಅಂದೆ, ಎಲ್ಲ ಹೇಳಿದೆ.

ಬೈಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ: "ಯಾವ ದಿನ? ಯಾವ ತಾಟು?"

ಹಾಲು, ಗ್ಯಾಸು, ಬಂದವರು ಹೋದವರು, ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಗೀಚುವ ಚಟ ನನ್ನದು. ಮನೆಯವರೆಲ್ಲ ಚೇಷ್ಟೆ ಮಾಡುತ್ತಾರೆ. ಅಲ್ಲಿತ್ತು ನೋಡಿ, ಅಮಾವಾಸ್ಯೆಯ ಚೌಕದಲ್ಲಿ: 'ಬೆಕ್ಕು ಮೊಸರು ಕುಡಿಯಿತು. ಮಾಳಿಗೆಯಲ್ಲಿ ಮೂರು ತಾಟು. ದೃಷ್ಟಿ ತೆಗೆದೆ.' ಶೈಲಾ ತನ್ನ ವಹಿ ತೆರೆದು ತಾಳೆ ನೋಡಿದಳು. ಅದೇ ಮೂರು ಚೀಲ! ಕೂಡಲೇ ಸರ್‌ಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಬೆವರುತ್ತ ಕಥೆ ಹೇಳಿದೆ. ಆ ಕಡೆಯಿಂದ ಸರ್ ಕೇಳಿದರು:

"ದೃಷ್ಟಿ ಹೋತೇನ್ರಿ?"

"ಇಲ್ರಿ ಸರ್. ಹೆಚ್ಚಾತು."

ಅವರು ನಕ್ಕರು. ಅದೇ ಜಾಗದ ಮಣ್ಣು ಮತ್ತೆ ತರಲಿ, ಉಪ್ಪು ಸಿಗದಿದ್ದರೆ ಉಳಿದ ಲೆಕ್ಕವೆಲ್ಲ ಖರೆ ಅಂದರು. ಆ ಸಲ ಚೀಲ ಹೊರಲು ನಾನೇ ಹಳ್ಳಕ್ಕೆ ಹೋದೆ. ತಾಟಿನ ಹತ್ತಿರ ಕೈಕಟ್ಟಿಕೊಂಡು ಕೂತು ಕಾಗೆ ಓಡಿಸಿದೆ. ಈ ಸಲ ಯಂತ್ರಕ್ಕೆ ಉಪ್ಪು ಸಿಗಲಿಲ್ಲ.

ಶೈಲಾ ಈಗ ಸ್ವತಃ ಪಾಠ ಹೇಳುತ್ತಾಳೆ. ಈ ವಾರ ಅವಳ ವಿದ್ಯಾರ್ಥಿನಿಯರಿಬ್ಬರು ನಮ್ಮ ಮಾಳಿಗೆಯ ಮೇಲೆ ಮಣ್ಣು ಹರವಿದ್ದಾರೆ. ಪ್ರತಿ ಚೀಲಕ್ಕೂ ಒಂದು ಅಚ್ಚು ಹಾಕಿಸಿದ ಚೀಟಿ: ಎಲ್ಲಿಯ ಮಣ್ಣು, ಎಷ್ಟು ಆಳದ್ದು, ಯಾರು ಅಗೆದರು. ಕೊನೆಯ ಸಾಲು ಶೈಲಾ ಸೇರಿಸಿದ್ದು: 'ಒಣಗಿಸಿದ ಮನೆಯವರು ಕಂಡದ್ದು.' ಅದನ್ನು ತುಂಬುವುದು ನನ್ನ ಕೆಲಸ. ಇವತ್ತಿನದನ್ನು ಈಗಷ್ಟೇ ಬರೆದು ಬಂದೆ: 'ಮಧ್ಯಾಹ್ನ ಪಕ್ಕದ ಮನೆಯಲ್ಲಿ ಖಾರ ಕುಟ್ಟಿದರು. ಗಾಳಿ ನಮ್ಮ ಕಡೆಗಿತ್ತು. ಎರಡನೇ ತಾಟು ಮುಚ್ಚಿದ್ದು ತುಸು ತಡವಾಯಿತು.'