ಇಳಿಜಾರಿನಲ್ಲಿ ಡಬಲ್ ಬೆಲ್

೧೯೮೬ರ ಆರಂಭದಲ್ಲಿ ನಾನು ಉಲ್ಹಾಸನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಹೆಣ್ಣುಮಗಳಾದರೂ ಹುದ್ದೆಯ ಹೆಸರು ಅದೇ. ಅದನ್ನು ಬದಲಾಯಿಸಬೇಕೆಂದು ಯಾರಿಗೂ ತೋಚಲಿಲ್ಲ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾಲೀಕರು ಉಡುಪಿ ಕಡೆಯ ಹೆಬ್ಬಾರರು. ಅಣ್ಣತಮ್ಮಂದಿರು ಡೊಂಬಿವಲಿಯಲ್ಲಿ, ಠಾಣೆಯಲ್ಲಿ ಹೋಟೆಲು ಇಟ್ಟರೆ ಇವರು ಆ ಹೋಟೆಲುಗಳಿಗೆ ಬೇಕಾದ ಗ್ರೈಂಡರು, ಇಡ್ಲಿ ಸ್ಟೀಮರುಗಳನ್ನು ತಯಾರಿಸುವ ಶೆಡ್ ಹಾಕಿದ್ದರು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನಾನು ಮೂರು ವರ್ಷ ಅದೇ ಗ್ರೈಂಡರಿನ ನಕ್ಷೆಯನ್ನು ಟ್ರೇಸಿಂಗ್ ಹಾಳೆಯ ಮೇಲೆ ತಿರುಗಿ ತಿರುಗಿ ಬರೆಯುತ್ತಿದ್ದೆ. ಬೇಸರದಿಂದ ಬೆಂದು ಹೋಗಿದ್ದೆ ಎಂದು ಈಗ ಹೇಳಬಹುದು.

ಹಾಗಿರುವಾಗ ವಿದ್ಯುತ್ ಟವರುಗಳ ದುರಸ್ತಿ ಗುತ್ತಿಗೆ ಹಿಡಿದಿದ್ದ ಒಂದು ಕಂಪನಿ ನಮ್ಮನ್ನು ಹುಡುಕಿಕೊಂಡು ಬಂತು. ಅವರ ಲೈನ್‌ಮನ್‌ಗಳು ಗುಡ್ಡದ ಮೇಲಿನ ಟವರುಗಳಿಗೆ ಸಾಮಾನನ್ನು ತಲೆಯ ಮೇಲೆ ಹೊರುತ್ತಿದ್ದರು. ಕಾಲುದಾರಿಯಲ್ಲಿ ಏರುವ ನಾಲ್ಕು ಚಕ್ರದ ಸಣ್ಣ ಗಾಡಿ ಅವರಿಗೆ ಬೇಕಿತ್ತು. ವಿದೇಶದಲ್ಲಿ ಅಂಥದ್ದಕ್ಕೆ ಎಟಿವಿ ಎನ್ನುತ್ತಾರೆ, ಎಲ್ಲ ಬಗೆಯ ನೆಲದ ಮೇಲೂ ಓಡುವ ಗಾಡಿ ಎಂದು ಅರ್ಥ. ನಮ್ಮಲ್ಲಿ ಅದನ್ನು ಕಣ್ಣಿನಿಂದ ಕಂಡವರೇ ಇರಲಿಲ್ಲ. ಹೆಬ್ಬಾರರ ಹತ್ತಿರ ಒಂದು ಪತ್ರಿಕೆಯ ಚಿತ್ರ ಮಾತ್ರ ಇತ್ತು.

"ಗ್ರೈಂಡರ್ ಬರೆದು ಬರೆದು ನಿನ್ನ ಮುಖವೇ ಅರೆದ ಹಿಟ್ಟಿನ ಹಾಗೆ ಆಗಿದೆ ಮಾರಾಯ್ತಿ. ಇದನ್ನು ನೀನೇ ಮಾಡು. ಆದರೆ ಒಂದು ಮಾತು, ಗಾಡಿ ಪಾಸಾಗದಿದ್ದರೆ ವಾಪಸ್ ಗ್ರೈಂಡರೇ, ಆಯ್ತಾ?" ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಒಂದು ವರ್ಷ ದುಡಿದು ಎರಡು ಗಾಡಿ ಕಟ್ಟಿ ನಿಲ್ಲಿಸಿದೆವು. ಸ್ಕೂಟರಿನ ಎಂಜಿನ್, ದಪ್ಪ ಟಯರು, ಹಿಂದೆ ಸಾಮಾನಿಗೆ ತಗಡಿನ ಪೆಟ್ಟಿಗೆ. ಲೈನ್‌ಮನ್‌ಗಳಿಗೆ ಸುಲಭವಾಗಲೆಂದು ಮೊಪೆಡ್‌ನಲ್ಲಿರುವಂಥ ಸೆಂಟ್ರಿಫ್ಯೂಗಲ್ ಕ್ಲಚ್ ಹಾಕಿದ್ದೆ. ಇದಕ್ಕೆ ಪ್ರತ್ಯೇಕ ಹಿಡಿಕೆ ಇರುವುದಿಲ್ಲ. ಎಂಜಿನ್ ಜೋರಾಗಿ ತಿರುಗಿದರೆ ಕ್ಲಚ್ ತಾನೇ ಚಕ್ರಗಳನ್ನು ಹಿಡಿಯುತ್ತದೆ, ಎಂಜಿನ್ ಮೆಲ್ಲಗಾದರೆ ತಾನೇ ಬಿಡುತ್ತದೆ. ಶೆಡ್ಡಿನ ಹುಡುಗರು ಗಾಡಿಗೆ 'ನಾಲ್ಕು ಕಾಲಿನ ಗ್ರೈಂಡರ್' ಎಂದು ಹೆಸರಿಟ್ಟರು. ನಗಲಿ ಬಿಡಿ ಎಂದುಕೊಂಡೆ.

ಗುತ್ತಿಗೆ ಕಂಪನಿಯ ಎಂಜಿನಿಯರ್ ಪಾಟೀಲ್ ಸಾಹೇಬರು ಖಡಕ್ ಮನುಷ್ಯ. ಮಲಂಗಗಡದ ಕಡೆ ಇರುವ ಒಂದು ಗುಡ್ಡಕ್ಕೆ ಎರಡೂ ಗಾಡಿ ಭಾರ ಹೊತ್ತು ಏರಿ ಇಳಿಯಬೇಕು ಎಂದರು. ಒಂದನ್ನು ನಾವು ಓಡಿಸಬಹುದು, ಇನ್ನೊಂದನ್ನು ಅದನ್ನು ಹಿಂದೆ ಮುಟ್ಟಿಯೇ ಇಲ್ಲದ ಹೊರಗಿನವರು ಓಡಿಸಬೇಕು ಎಂಬುದು ಅವರ ಷರತ್ತು. ಅದು ನ್ಯಾಯವಾದ ಷರತ್ತೇ. ಅವರ ಲೈನ್‌ಮನ್‌ಗಳೂ ಹೊಸಬರೇ ಆಗಿರುತ್ತಿದ್ದರು.

ನಾನು ತಡಮಾಡದೆ "ನಮ್ಮಪ್ಪನ್ನ ಕರ್ಕೊಂಡು ಬರ್ತೀನಿ" ಎಂದೆ.

ನಮ್ಮಪ್ಪ ಬಸಪ್ಪ ಬೈಲಹೊಂಗಲ ಕಡೆಯವನು. ಉಲ್ಹಾಸನಗರದ ಪಕ್ಕದ ಕಲ್ಯಾಣಕ್ಕೆ ಬಂದು ಜೀವಮಾನವೆಲ್ಲ ಮಾಳಶೇಜ ಘಾಟಿನಲ್ಲಿ ಸರ್ಕಾರಿ ಬಸ್ಸು ಓಡಿಸಿ, ಆಗಷ್ಟೇ ನಿವೃತ್ತನಾಗಿದ್ದ. ನಾವಿದ್ದ ವಠಾರದ, ಅಂದರೆ ಚಾಳಿನ, ಮೇಲಿನ ಗ್ಯಾಲರಿಯಲ್ಲಿ ಕೂತು, ಕೆಳಗೆ ರಿಕ್ಷಾ ತಿರುಗಿಸುವವರಿಗೆಲ್ಲ ಬೈಯುವುದೇ ಅವನ ದಿನಚರಿಯಾಗಿತ್ತು. ಘಾಟು ಬಲ್ಲ ಡ್ರೈವರ್ ಬೇಕೆಂದರೆ ಅವನಿಗಿಂತ ಯಾರು? ಹೆಬ್ಬಾರರು ಮಾತ್ರ "ನಿನ್ನ ಅಪ್ಪನಿಗೆ ಪ್ರಾಯ ಎಷ್ಟು? ಬಿದ್ದರೆ ನಿನ್ನ ಅಮ್ಮನಿಗೆ ನಾನು ಎಂತ ಹೇಳುವುದು?" ಎಂದು ಚಡಪಡಿಸಿದರು. ಅಪ್ಪನಿಗೆ ವಿಷಯ ಹೇಳಿದರೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಅಂಗಿಯನ್ನು ಇಳಿಸಿ ಇಸ್ತ್ರಿಗೆ ಕೊಟ್ಟೇಬಿಟ್ಟ.

ಪರೀಕ್ಷೆಯ ದಿನ ಬೆಳಿಗ್ಗೆ ಗುಡ್ಡದ ಬುಡದ ಬಯಲಿನಲ್ಲಿ ಅವನಿಗೆ ಗಾಡಿ ಕಲಿಸಿದೆ. ಎಡಗೈಗೆ ಬ್ರೇಕ್, ಬಲಗೈಗೆ ರೇಸ್. ಆಕ್ಸಿಲರೇಟರಿಗೆ ಬಸ್ಸಿನವರು ರೇಸ್ ಅನ್ನುತ್ತಾರೆ, ನಮ್ಮ ಮನೆಯಲ್ಲೂ ಅದೇ ಮಾತು. ಬಯಲಲ್ಲಿ ಎರಡು ಸುತ್ತು ಹಾಕಿ "ಸ್ಟೇರಿಂಗ್ ಇಲ್ಲ, ಬಾಗಲಾ ಇಲ್ಲ. ಆದರೂ ಗಾಡಿ ಗಾಡೀನ" ಎಂದು ತೀರ್ಪು ಕೊಟ್ಟ. ಪಾಟೀಲರೂ ಹೆಬ್ಬಾರರೂ ಜೀಪಿನ ಹತ್ತಿರ ನಿಂತರು. ಅಪ್ಪ ಮುಂದೆ, ನಾನು ಹಿಂದೆ, ಪಿಂಗಾಣಿ ಇನ್ಸುಲೇಟರುಗಳನ್ನು ಹೇರಿಕೊಂಡು ಹೊರಟೆವು.

ಏರುವಾಗಿನ ಸಂತೋಷ ನನಗೆ ಇಂದಿಗೂ ನೆನಪಿದೆ. ಕರವಂದದ ಮುಳ್ಳುಪೊದೆಗಳ ನಡುವೆ ಕೆಮ್ಮಣ್ಣಿನ ದಾರಿ, ಬಂಡೆ, ಒಣಗಿದ ಹಳ್ಳ. ನಾನು ಹಾಳೆಯ ಮೇಲೆ ಬರೆದ ಗೆರೆಗಳು ಗುಡ್ಡ ಹತ್ತುತ್ತಿದ್ದವು! ಅಪ್ಪ ಪ್ರತಿ ತಿರುವಿಗೂ ಬಾಯಲ್ಲೇ "ಪೋಂ, ಪೋಂ" ಎಂದು ಹಾರ್ನ್ ಹೊಡೆಯುತ್ತಿದ್ದ. ಗಾಡಿಗೆ ಹಾರ್ನ್ ಹಾಕಿರಲಿಲ್ಲ, ಆ ಕೊರತೆಯನ್ನು ಅವನು ಸಹಿಸಲಿಲ್ಲ. ಮೇಲಿದ್ದ ಲೈನ್‌ಮನ್‌ಗೆ ಸಾಮಾನು ಒಪ್ಪಿಸಿ, ಅವನು ಕೊಟ್ಟ ಹಳೇ ಕಬ್ಬಿಣ ತುಂಬಿಕೊಂಡು ಇಳಿಯತೊಡಗಿದೆವು.

"ಯಾವ ಗೇರಿನ್ಯಾಗ ಏರತೀವೋ ಅದರಾಗ ಇಳೀಬೇಕು, ಶೈಲವ್ವ. ಗಾಡಿ ಹಿಡಿಯೂದು ಎಂಜಿನ್ನು, ಬ್ರೇಕ್ ಅಲ್ಲ" ಎಂದು ಅಪ್ಪ ಹೊರಡುವಾಗಲೇ ಪಾಠ ಹೇಳಿದ. ಅದು ಸರಿಯೇ. ಮೇಲಿನ ಸಮತಟ್ಟಿನಲ್ಲಿ ರೇಸ್ ಕೊಟ್ಟೇ ಹೊರಟಿದ್ದರಿಂದ ಕ್ಲಚ್ ಹಿಡಿದಿತ್ತು, ಗಾಡಿ ಸಾಧುವಾಗಿ ಇಳಿಯುತ್ತಿತ್ತು.

ಎಲ್ಲಕ್ಕಿಂತ ಕಡಿದಾದ ಜಾಗದಲ್ಲಿ ಕಟ್ಟಿಗೆ ಹೊರೆ ಹೊತ್ತ ಇಬ್ಬರು ಹೆಂಗಸರು ಎದುರಿಗೆ ಹತ್ತಿ ಬರುತ್ತಿದ್ದರು. ಅಪ್ಪ ಗಾಡಿ ನಿಲ್ಲಿಸಿ ಅವರಿಗೆ ಹಾದಿ ಬಿಟ್ಟ. ಘಾಟಿನಲ್ಲಿ ಏರುವವರಿಗೇ ಮೊದಲ ಹಾದಿ ಎಂಬುದು ಅವನ ಜೀವಮಾನದ ಶಿಸ್ತು. ಅವರು ದಾಟಿದ ಮೇಲೆ, ಬಸ್ಸಿನಲ್ಲಿ ಮಾಡುವ ಹಾಗೆಯೇ ರೇಸ್ ಮುಟ್ಟದೆ ಬ್ರೇಕ್ ಸಡಿಲಿಸಿದ. ನಿಂತಿದ್ದಾಗ ಎಂಜಿನ್ ಮೆಲ್ಲಗಾಗಿ ಕ್ಲಚ್ ಬಿಟ್ಟುಕೊಟ್ಟಿತ್ತು. ಹಿಡಿಯುವವರಿಲ್ಲದ ಗಾಡಿ ಒಮ್ಮೆಲೇ ಕೆಳಕ್ಕೆ ಜಿಗಿಯಿತು.

ಅವನು ಬ್ರೇಕನ್ನು ಬಲವಾಗಿ ಹಿಡಿದ. ಚಕ್ರಗಳು ನಿಂತರೂ ಗಾಡಿ ಜಲ್ಲಿಯ ಮೇಲೆ ಜಾರುತ್ತಾ ಹೋಗಿ, ದಾರಿಯ ಬದಿಯ ದಿಬ್ಬಕ್ಕೆ ಪಕ್ಕ ಉಜ್ಜಿಕೊಂಡು ನಿಂತಿತು. ಮುಂದಿನ ತಿರುವಿನಾಚೆ ಕಣಿವೆ. ನನ್ನ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು ಓಡಿ ಹೋಗಿ, ಅವನ ಚಕ್ರದ ಮುಂದೂ ಒಂದು ಕಲ್ಲು ತುರುಕಿದೆ. ಅವನ ಮೊಣಕಾಲು ತರಚಿತ್ತು, ಬೇರೇನೂ ಆಗಿರಲಿಲ್ಲ.

"ಇಳಿ ಅಪ್ಪಾ. ಸಾಕು. ತಳ್ಳಿಕೊಂಡು ಹೋಗೋಣು."

"ತಳ್ಳಿದ್ರ ನಿನ್ನ ಗಾಡಿ ಪಾಸ್ ಆಗ್ತೈತೇನು?"

ಆಗುವುದಿಲ್ಲ ಎಂದು ತಲೆಯಾಡಿಸಿದೆ.

"ಹಂಗಾರ ನಾ ಇಳಿಯಾಂಗಿಲ್ಲ. ಏನ ಮಾಡ್ಬೇಕು, ಅದನ್ನ ಹೇಳು."

ಹೇಳಿದೆ. ಬ್ರೇಕ್ ಹಿಡಿದುಕೊಂಡೇ ಒಮ್ಮೆ ರೇಸ್ ಕೊಡಬೇಕು, ಕ್ಲಚ್ ಹಿಡಿದದ್ದು ಸದ್ದಿನಲ್ಲೇ ತಿಳಿಯುತ್ತದೆ, ಕೂಡಲೇ ರೇಸ್ ಮುಚ್ಚಿ ಬ್ರೇಕ್ ಸಡಿಲಿಸಬೇಕು. ಆಮೇಲೆ ಉರುಳುವ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುವುದರಿಂದ ಕ್ಲಚ್ ಬಿಡುವುದಿಲ್ಲ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಮೊಪೆಡ್ ಓಡಿಸುವ ನಮಗೆಲ್ಲ ಇದು ಕೈಗೆ ಬಂದುಬಿಟ್ಟಿತ್ತು. ಬಯಲಿನ ಪಾಠದಲ್ಲಿ ಅದರ ಪ್ರಶ್ನೆಯೇ ಬಂದಿರಲಿಲ್ಲ.

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. "ಇಳಿಜಾರಿನ್ಯಾಗ ರೇಸ್ ಕೊಡೂದಾ? ಹೊಸಾ ಹುಡುಗರು ಹಂಗ ಮಾಡಿದ್ರ ಸ್ಟೇರಿಂಗ್ ಕಸಗೊಂಡೇನಿ ನಾ. ತಲಿ ನೆಟ್ಟಗ ಐತಿಲ್ಲೋ ನಿಂದು?"

"ಗಾಡಿ ನಾ ಮಾಡೇನಿ, ಅಪ್ಪಾ. ನಂಬು."

ನಂಬಿದ. ಆದರೆ ನಂಬುವುದು ತಲೆಯ ಕೆಲಸ, ಕೈಯದ್ದು ಬೇರೆ. ಬಲಗೈ ರೇಸಿನ ಮೇಲೆ ಹೋಗುತ್ತದೆ, ಕಣ್ಣು ಕಣಿವೆಯ ಕಡೆ ಹೊರಳುತ್ತದೆ, ಕೈ ಅಲ್ಲೇ ನಿಲ್ಲುತ್ತದೆ. ಮತ್ತೆ ಮತ್ತೆ ಹಾಗೇ ಆಯಿತು. ಚಳಿಗಾಲದಲ್ಲೂ ಖಾಕಿ ಅಂಗಿ ಬೆವರಿನಿಂದ ಒದ್ದೆಯಾಯಿತು. "ಕೈ ಮಾತ ಕೇಳವಲ್ದು, ಶೈಲವ್ವ" ಎಂದು ನಾಚಿಕೊಂಡು ಹೇಳಿದ. ಘಾಟಿನಲ್ಲಿ ಯಾರಿಗೂ ಸೊಪ್ಪು ಹಾಕದ ನನ್ನ ಅಪ್ಪನನ್ನು ಹಾಗೆ ನೋಡಿ, ಗ್ರೈಂಡರೇ ಗತಿಯಾದರೂ ಚಿಂತೆಯಿಲ್ಲ ಎನ್ನಿಸಿತು.

ಚಿಕ್ಕವಳಿದ್ದಾಗ ರಜೆಯಲ್ಲಿ ಅವನ ಬಸ್ಸಿನಲ್ಲಿ ಕೂತು ಹೋಗುತ್ತಿದ್ದೆ. ಕಂಡಕ್ಟರ್ ಹಗ್ಗ ಜಗ್ಗಿ ಒಂದು ಬೆಲ್ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಅಪ್ಪ ಕಂಡಕ್ಟರನ ಜೊತೆ ಎಷ್ಟೇ ಜಗಳವಾಡುತ್ತಿರಲಿ, ಡಬಲ್ ಬೆಲ್ ಬಿತ್ತೆಂದರೆ ಮಾತು ಅರ್ಧಕ್ಕೇ ನಿಂತು ರೇಸ್ ಏಳುತ್ತಿತ್ತು. ಅದು ಆ ಕ್ಷಣದಲ್ಲಿ ನನಗೇಕೆ ನೆನಪಾಯಿತೋ ಗೊತ್ತಿಲ್ಲ. ಚಕ್ರದ ಕಲ್ಲು ತೆಗೆದೆ. ಗಾಡಿಯ ಹಿಂದೆ ಹೋಗಿ ನಿಂತು, ಸ್ಪ್ಯಾನರಿನಿಂದ ತಗಡಿನ ಪೆಟ್ಟಿಗೆಗೆ ಎರಡು ಬಾರಿಸಿದೆ.

ಟಣ್, ಟಣ್.

ಅಪ್ಪನ ಬಲಗೈ ತಿರುಗಿತು. ಎಂಜಿನ್ ಗುರ್ರೆಂದಿತು, ಕ್ಲಚ್ ಹಿಡಿಯಿತು. "ಮುಚ್ಚು! ಬ್ರೇಕ್ ಬಿಡು!" ಎಂದು ಕೂಗಿದೆ. ಬಿಟ್ಟ. ಗಾಡಿ ಹೆಜ್ಜೆ ಎಣಿಸುವ ಹಾಗೆ ಮೆಲ್ಲಗೆ ಇಳಿಯತೊಡಗಿತು. ತಿರುವು ದಾಟುವಾಗ "ಪೋಂ" ಎಂದದ್ದು ಕೇಳಿಸಿತು. ಮುಂದಿನ ಕಡಿದಾದ ಜಾಗದಲ್ಲಿ ಎದುರಿಗೆ ಯಾರೂ ಇಲ್ಲದಿದ್ದರೂ ಬೇಕೆಂದೇ ಗಾಡಿ ನಿಲ್ಲಿಸಿ, ತಾನೇ ಬಾಯಲ್ಲಿ "ಟಣ್, ಟಣ್" ಎಂದುಕೊಂಡು ರೇಸ್ ಕೊಟ್ಟು ಹೊರಟ. ಹಿಂದೆ ಬರುತ್ತಿದ್ದ ನನಗೆ ನಗು, ಅಳು ಎರಡೂ ಬಂದವು.

ಕೆಳಗೆ ಪಾಟೀಲರು ಇಷ್ಟು ತಡವೇಕೆ ಎಂದು ಕೇಳಿದರು. ನಮ್ಮಪ್ಪನಿಗೆ ಸುಳ್ಳು ಹೇಳಲು ಬಾರದು ಎಂದಲ್ಲ, ಮನೆಯಲ್ಲಿ ಅವ್ವನಿಗೆ ಧಾರಾಳವಾಗಿ ಹೇಳುತ್ತಿದ್ದ. ಘಾಟಿನ ವಿಷಯದಲ್ಲಿ ಮಾತ್ರ ಹೇಳುತ್ತಿರಲಿಲ್ಲ. ಕಟ್ಟಿಗೆಯ ಹೆಂಗಸರಿಂದ ಹಿಡಿದು ಸ್ಪ್ಯಾನರಿನವರೆಗೆ ಎಲ್ಲವನ್ನೂ ತನ್ನ ಒರಟು ಮರಾಠಿಯಲ್ಲಿ ಬಿಚ್ಚಿಟ್ಟ. ಹೆಬ್ಬಾರರು ಹಣೆ ಚಚ್ಚಿಕೊಂಡರು. ಪಾಟೀಲರು ಗಾಡಿಯನ್ನೊಮ್ಮೆ ಸುತ್ತಿ ಬಂದು ನನಗೆ ಹೇಳಿದರು: "ಗಾಡಿ ಇಳಿದಿದೆ, ಒಪ್ಪಿದೆ. ಆದರೆ ನನ್ನ ಲೈನ್‌ಮನ್‌ಗಳ ಹಿಂದೆ ಬೆಲ್ ಹೊಡೆಯಲು ಮಗಳು ಇರುವುದಿಲ್ಲ. ಅದಕ್ಕೇನು ಮಾಡುತ್ತೀರಿ, ಹೇಳಿ."

"ಒಂದು ತಿಂಗಳು ಕೊಡಿ" ಎಂದೆ. ಹೆಬ್ಬಾರರು ಬಾಯಿ ತೆರೆಯುವ ಮೊದಲೇ ಪಾಟೀಲರು ಕೊಟ್ಟೇಬಿಟ್ಟರು.

ಆ ತಿಂಗಳು ನಾನು ಶೆಡ್ಡಿನಲ್ಲೇ ಉಂಡೆ. ಕೊನೆಗೆ ಕ್ಲಚ್ಚಿನೊಳಗೆ ಒಂದು ಒನ್-ವೇ ಬೇರಿಂಗ್ ಸೇರಿಸಿದೆ. ಅದು ಒಂದು ದಿಕ್ಕಿಗೆ ಸುಮ್ಮನೆ ತಿರುಗುತ್ತದೆ, ಇನ್ನೊಂದು ದಿಕ್ಕಿಗೆ ಕಚ್ಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ಚಕ್ರಗಳು ಎಂಜಿನ್ನಿಗಿಂತ ಮುಂದೆ ಓಡಲು ನೋಡಿದ ಕೂಡಲೇ ಅದು ಎರಡನ್ನೂ ಕಟ್ಟಿಹಾಕುತ್ತದೆ. ರೇಸಿನ ಅಗತ್ಯವೇ ಇಲ್ಲ.

ಇಳಿಜಾರಿನಲ್ಲಿ ರೇಸ್ ಮುಟ್ಟದ ಆ ಕೈಯೇ ಬೇಕೆಂದು ಪಾಟೀಲರು ಹೇಳಿದ್ದರಿಂದ ಎರಡನೇ ಪರೀಕ್ಷೆಗೂ ಅಪ್ಪನೇ ಬಂದ. ಈ ಸಲ ನಾನು ಹಿಂದೆ ಹೋಗಲಿಲ್ಲ, ಪಾಟೀಲರ ಪಕ್ಕದಲ್ಲಿ ಕೆಳಗೇ ನಿಂತೆ. ಆ ಕಡಿದಾದ ಜಾಗದಲ್ಲಿ ಅವನು ಗಾಡಿ ನಿಲ್ಲಿಸಿದ್ದು ಖಾಕಿ ಚುಕ್ಕೆಯಾಗಿ ಕಂಡಿತು. ಚುಕ್ಕೆ ಅಲುಗಿತು, ಮೆಲ್ಲಗೆ, ಅಷ್ಟೇ ಮೆಲ್ಲಗೆ, ಕೆಳಗಿನವರೆಗೂ ಇಳಿದು ಬಂತು. ನಮಗೆ ಆರ್ಡರ್ ಸಿಕ್ಕಿತು. ಗ್ರೈಂಡರಿನ ನಕ್ಷೆ ಬರೆಯಲು ಬೇರೆಯವರು ಬಂದರು.

ಆಮೇಲೆ ನಿವೃತ್ತಳಾಗುವವರೆಗೂ ಎಷ್ಟೋ ಯಂತ್ರಗಳನ್ನು ವಿನ್ಯಾಸ ಮಾಡಿದೆ. ಓಡಿಸುವವನ ಕೈಗೆ ಏನು ರೂಢಿಯಾಗಿದೆ ಎಂದು ಕೇಳದೆ ಒಂದು ಲಿವರಿನ ಗೆರೆಯನ್ನೂ ಎಳೆಯಲಿಲ್ಲ. ತಲೆಗೆ ತಿಳಿಸಿದರೆ ಸಾಲದು, ಹೆದರಿದ ಹೊತ್ತಿಗೆ ಕೆಲಸ ಮಾಡುವುದು ಕೈ. ಅದು ತನ್ನ ಹಳೇ ರೂಢಿಯಂತೆ ಮಾಡಿದರೂ ಮನುಷ್ಯ ಬದುಕಿ ಮನೆಗೆ ಬರುವ ಹಾಗೆ ಯಂತ್ರವನ್ನು ಕಟ್ಟಬೇಕು. ನನ್ನ ಕೈಕೆಳಗಿನ ಹುಡುಗರು ನಕ್ಷೆ ತಂದಾಗೆಲ್ಲ "ಇಲ್ಲಿ ಡಬಲ್ ಬೆಲ್ ಹೊಡೆಯುವವರು ಯಾರು?" ಎಂದು ಕೇಳುತ್ತಿದ್ದೆ.

ಎರಡನೇ ಪರೀಕ್ಷೆಯ ದಿನ ಕೆಳಗಿಳಿದು ಬಂದ ಅಪ್ಪ ಎಂಜಿನ್ ಬಂದ್ ಮಾಡಿ, ಬಹಳ ಹೊತ್ತು ಸೀಟಿನ ಮೇಲೇ ಕೂತಿದ್ದ. ಹತ್ತಿರ ಹೋದರೆ ಸ್ವಲ್ಪ ಬೇಸರದಿಂದಲೇ ಹೇಳಿದ:

"ಚಲೋ ಮಾಡೀ, ಶೈಲವ್ವ. ಆದ್ರ ಬೆಲ್ ಇಲ್ಲದ ಗಾಡಿ ಬಿಟ್ಟದ್ದು ಜನ್ಮದಾಗ ಇದ ಮೊದಲು. ಹಿಂದ ತಿರುಗಿ ನೋಡಿದೆ, ನೀ ಇರಲಿಲ್ಲ."