ಹಿತ್ತಾಳೆ ಬಿಲ್ಲೆ ಮುಚ್ಚದ ದಿನ

ಮೊನ್ನೆ ಪಕ್ಕದ ಮನೆಯವರು ಹಸುಗೂಸಿನ ನೆತ್ತಿಗೆ ಹಚ್ಚಲು ಹರಳೆಣ್ಣೆ ಬಿಸಿ ಮಾಡುತ್ತಿದ್ದರು. ವಾಸನೆ ಕಿಟಕಿಯಿಂದ ಒಳಗೆ ಬಂತು. ಭಾರವಾದ, ಒಂದಿಷ್ಟು ಒಗರಾದ, ಒಮ್ಮೆ ಮೂಗಿನಲ್ಲಿ ಕೂತರೆ ಬೇಗ ಏಳದ ವಾಸನೆ. ನಾನು ಎದ್ದು ಹೋಗಿ ಕಿಟಕಿ ಹಾಕಿಕೊಂಡೆ. ಆ ಮಗುವಿನ ಅಜ್ಜಿ ಏನಂದುಕೊಂಡರೋ ಏನೋ. ಅವರ ಮೇಲಾಗಲಿ ಮಗುವಿನ ಮೇಲಾಗಲಿ ನನಗೆ ಸಿಟ್ಟಿಲ್ಲ. ಆದರೆ ಕಾದ ಹರಳೆಣ್ಣೆಯ ನಾತ ಎಲ್ಲಿ ಬಂದರೂ ನಾನು ಮತ್ತೆ ಹನ್ನೊಂದು ವರ್ಷದವಳಾಗಿಬಿಡುತ್ತೇನೆ. ಕ್ಯಾತನಹಳ್ಳಿಯ ಹತ್ತಿರ, ನಾಲೆಯ ಏರಿ ಇಳಿದರೆ ಸಿಗುತ್ತಿದ್ದ ನಮ್ಮ ಆಲೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಈಗ ಅಲ್ಲಿ ಆಲೆಮನೆಯೂ ಇಲ್ಲ, ಅದರ ಹಿಂದಿದ್ದ ನಮ್ಮ ಹೆಂಚಿನ ಮನೆಯೂ ಇಲ್ಲ. ಯಾರೋ ಸೈಟು ಮಾಡಿ ಕಲ್ಲು ನೆಟ್ಟಿದ್ದಾರೆ.

ಆಲೆಮನೆಯ ಪಕ್ಕ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಬರುವಾಗ ಎರಡು ಹನಿ ಹರಳೆಣ್ಣೆ ಬಿಟ್ಟರೆ ನೊರೆ ತಟ್ಟನೆ ಇಳಿದುಬಿಡುತ್ತದೆ. ಅದಕ್ಕಾಗಿ ಒಲೆಯ ಪಕ್ಕದ ಗೂಡಿನಲ್ಲಿ ಸದಾ ಒಂದು ಎಣ್ಣೆ ಕುಡಿಕೆ ಇರುತ್ತಿತ್ತು. ಆ ಕುಡಿಕೆ ನಮ್ಮ ಅಜ್ಜಿಯದು. ಎತ್ತಿನ ಗಾಣದ ಕಾಲದಿಂದ, ಅಂದರೆ ನಮ್ಮಪ್ಪ ಹುಟ್ಟುವ ಮೊದಲಿಂದ, ಗಾಣದ ಅಚ್ಚಿಗೆ, ಗಾಡಿಯ ಕೀಲಿಗೆ, ಬಾವಿಯ ರಾಟೆಗೆ ದಿನಾ ಸಂಜೆ ಎಣ್ಣೆ ಬಿಡುವ ಕೆಲಸ ಅವಳದೇ. ಬೇರೆ ಯಾರು ಬಿಟ್ಟರೂ ಅವಳಿಗೆ ಸಮಾಧಾನವಿಲ್ಲ. ಅಚ್ಚಿನ ಮೇಲೆ ಬೆರಳಿಟ್ಟು, ಎಣ್ಣೆ ಒಳಗೆ ಇಳಿಯುವವರೆಗೆ ಕಾದು, ಬೆರಳನ್ನು ತಲೆಗೆ ಒರೆಸಿಕೊಂಡು ಮನೆಗೆ ಹೋಗುತ್ತಿದ್ದಳು.

ಎತ್ತಿನ ಗಾಣ ಹೋಗಿ ಇಂಜಿನ್ ಗಾಣ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಮ್ಮ ಚಿಕ್ಕಪ್ಪನ ಹಟದಿಂದ. ಅವನ ಹೆಸರು ಜವರ. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು, ಮದುವೆಯಾಗಿರಲಿಲ್ಲ. ಓದಿನಲ್ಲಿ ಸೊನ್ನೆ, ಕೈಯಲ್ಲಿ ಮಾತ್ರ ಏನೋ ಇತ್ತು. ನಿಂತ ಗಡಿಯಾರವನ್ನು ಕಿವಿಗೆ ಹಿಡಿದು ಎಲ್ಲಿ ಕೆಟ್ಟಿದೆಯೆಂದು ಹೇಳುತ್ತಿದ್ದ. ಅವನು ಮೈಸೂರಿನ ಗುಜರಿಯಿಂದ ಹಳೇ ಪೆಟ್ರೋಲ್ ಲಾರಿಯ ಇಂಜಿನ್ನೊಂದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಾಗ ಅದಕ್ಕೆ ಗಾಳಿ ಎಳೆಯುವ ಭಾಗವೇ ಇರಲಿಲ್ಲ. ಒಡೆದು ಹೋಗಿತ್ತಂತೆ. ಅಂಥದ್ದು ಎಲ್ಲೂ ಸಿಗುವುದಿಲ್ಲವೆಂದು ಗುಜರಿಯವನು ಹೇಳಿಯೇ ಕಳಿಸಿದ್ದ. ‘ಮೂಗಿಲ್ದಿರೋ ಇಂಜಿನ್ನ ತಂದವ್ನೆ ನೋಡು’ ಎಂದು ಅಪ್ಪ ತಲೆ ಚಚ್ಚಿಕೊಂಡರು. ಚಿಕ್ಕಪ್ಪ ನಕ್ಕು, ‘ಮೂಗ್ ನಾನ್ ಮಾಡ್ತೀನಿ ಬುಡಣ್ಣ’ ಅಂದ. ಲೇತ್ ಅಂಗಡಿಯವರು ಅದನ್ನು ಥ್ರಾಟಲ್ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದು ಕೊನೆಯವರೆಗೂ ಮೂಗೇ ಆಗಿತ್ತು.

ಆ ಮೂಗು ಹುಟ್ಟಿದ ಬಗೆಯನ್ನು ನಾನು ದಿನದಿನವೂ ನೋಡಿದ್ದೇನೆ. ಬೇವಿನ ಮರದಲ್ಲಿ ಅದರ ಅಚ್ಚು ಕೆತ್ತಿದ. ಹೊಳೆಯ ಸಣ್ಣ ಮರಳಿಗೆ ಕಾಕಂಬಿ ಕಲಸಿ, ಆ ಜೋನಿಯ ಅಂಟಿನಿಂದ ಮರಳು ಗಟ್ಟಿಯಾಗುವಂತೆ ಅಚ್ಚಿನ ಸುತ್ತ ಒತ್ತಿ, ಆಲೆ ಒಲೆಯ ಬಿಸಿಗೆ ಒಣಗಿಸಿದ. ಟ್ರಾಕ್ಟರಿನ ಹಳೇ ಪಿಸ್ಟನ್ನುಗಳನ್ನು ಕಬ್ಬಿಣದ ಬಕೀಟಿನಲ್ಲಿ ಹಾಕಿ ಅದೇ ಒಲೆಯಲ್ಲಿ ಕರಗಿಸಿ ಸುರಿದ. ಸುಟ್ಟ ಬೆಲ್ಲದ ವಾಸನೆ ಊರಿಗೆಲ್ಲ ಹಬ್ಬಿ, ಪಾಕ ಸೀದುಹೋಯಿತೆಂದು ಜನ ಓಡಿ ಬಂದರು. ಮೊದಲನೆಯದರ ಮೈತುಂಬ ತೂತು. ಎರಡನೆಯದು ಆರುವಾಗ ಬಿರುಕು ಬಿಟ್ಟಿತು. ಮೂರನೆಯದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಸೈಕಲ್ಲಿನಲ್ಲಿ ಪಾಂಡವಪುರಕ್ಕೆ ಒಯ್ದು, ಲೇತಿನಲ್ಲಿ ಒಳಗೆಲ್ಲ ನುಣ್ಣಗೆ ಕೊರೆಸಿ ತಂದ. ಗಾಳಿಯ ದಾರಿಯನ್ನು ತೆರೆದು ಮುಚ್ಚಲು ಅದರೊಳಗೆ ತಿರುಗುವ ಒಂದು ಬಿಲ್ಲೆ ಬೇಕಿತ್ತು. ಅದಕ್ಕೆ ಅಜ್ಜಿಯ ಹಿತ್ತಾಳೆ ತಟ್ಟೆಯನ್ನೇ ಕೇಳಿದ. ‘ನಮ್ಮವ್ವ ಕೊಟ್ಟಿದ್ದು ಕಣ್ಲಾ ಅದು! ನಿನ್ ಇಂಜಿನ್ನಿನ್ ಮೂಗ್ ಸುಟ್ಟೋಗ!’ ಎಂದು ಕೂಗಾಡಿದಳು. ಮಧ್ಯಾಹ್ನಕ್ಕೆ ತಾನೇ ತಂದು ಅವನ ಮುಂದೆ ಕುಕ್ಕಿ ಹೋದಳು. ಅಜ್ಜಿಯ ಪ್ರೀತಿ ಹೀಗೇ ಇರುತ್ತಿತ್ತು. ಬೈಯದೆ ಅವಳು ಅವನಿಗೆ ಒಂದು ಲೋಟ ನೀರನ್ನೂ ಕೊಟ್ಟವಳಲ್ಲ.

ಬಿಲ್ಲೆಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿಗೆ ಎದುರಾಗಿ ಎಳೆಯಲು ಸೈಕಲ್ ಬ್ರೇಕಿನ ತಂತಿ. ತಂತಿಯ ಇನ್ನೊಂದು ತುದಿ ಗಾಣಕ್ಕೆ ಕಬ್ಬು ಕೊಡುವವನ ಕಾಲಡಿಯ ಹಲಗೆಗೆ. ಹಲಗೆ ತುಳಿದರೆ ಬಿಲ್ಲೆ ತೆರೆದು ಇಂಜಿನ್ ಜೋರಾಗುವುದು. ಕಾಲು ತೆಗೆದರೆ ಸ್ಪ್ರಿಂಗು ಬಿಲ್ಲೆಯನ್ನು ಮುಚ್ಚಿ, ಇಂಜಿನ್ ಸಣ್ಣಗಾಗಿ, ಗಾಣ ಹೆಚ್ಚುಕಡಿಮೆ ನಿಂತೇಬಿಡುವುದು. ಕಬ್ಬು ಸಿಕ್ಕಿಕೊಂಡಾಗ ಅಪಾಯವಿಲ್ಲದೆ ಎಳೆದು ತೆಗೆಯಬಹುದು. ‘ಕಾಲ್ ಎತ್ತುದ್ರೆ ತಾನೇ ಮುಚ್ಕೊತದೆ, ಯಾರ್ಗೂ ಏನೂ ಆಗಕಿಲ್ಲ’ ಎಂದು ಬಂದವರಿಗೆಲ್ಲ ತುಳಿದು ತೋರಿಸುತ್ತಿದ್ದ. ಸಂತೆಬಾಚಹಳ್ಳಿಯಿಂದ ಒಬ್ಬರು ಬಂದು ನೋಡಿ, ತಮ್ಮ ಆಲೆಮನೆಗೂ ಇಂಥದ್ದೇ ಒಂದು ಮಾಡಿಕೊಡು ಅಂದಿದ್ದರು. ಆ ದಿನಗಳಲ್ಲಿ ಚಿಕ್ಕಪ್ಪ ನಡೆಯುವ ರೀತಿಯೇ ಬೇರೆಯಾಗಿತ್ತು.

ಇಂಜಿನ್ನನ್ನು ಪೆಟ್ರೋಲಿನಲ್ಲಿ ಶುರು ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದ. ಸೀಮೆಎಣ್ಣೆ ಚೆನ್ನಾಗಿ ಉರಿಯಬೇಕಾದರೆ ಮೂಗು ಬಿಸಿಯಾಗಿರಬೇಕು. ಅದಕ್ಕೆಂದೇ ಅದನ್ನು ಹೊಗೆ ಕೊಳವೆಗೆ ತಾಗಿಸಿ ಕೂರಿಸಿದ್ದ. ಅಜ್ಜಿಗೆ ಇದೆಲ್ಲ ಎಲ್ಲಿ ಗೊತ್ತು? ಬಿಲ್ಲೆಯ ಅಚ್ಚು ತಿರುಗುವುದು ಅವಳ ಕಣ್ಣಿಗೆ ಬಿದ್ದಿತ್ತು. ಅಷ್ಟೇ ಸಾಕಾಯಿತು. ಸಂಜೆ ಕುಡಿಕೆ ಹಿಡಿದು ಬಂದಳು. ‘ಅದ್ಕೆ ಎಣ್ಣೆ ಬ್ಯಾಡ ಕಣವ್ವ’ ಅಂದ ಚಿಕ್ಕಪ್ಪ. ‘ತಿರ್ಗೋ ವಸ್ತುನ ಒಣಗ್ಸಬಾರ್ದು ಕಣ್ಲಾ. ನಿಂಗೇನ್ ಗೊತ್ತು’ ಅಂದಳು ಅವಳು. ಅವನು ನಕ್ಕು ತನ್ನ ಕೆಲಸಕ್ಕೆ ತಿರುಗಿದ. ಆಮೇಲೆ ಅವನು ಊಟಕ್ಕೆ ಹೋದಾಗಲೆಲ್ಲ ದಿನಾ ಎರಡು ಹನಿ ಬಿಡುತ್ತಿದ್ದಳು. ನಾನು ನೋಡುತ್ತಿದ್ದೆ. ಅವನಿಗೂ ಗೊತ್ತಿತ್ತು.

ಅವತ್ತು ಬೆಳಗ್ಗೆ ಹತ್ತು ಗಂಟೆಯಿರಬೇಕು, ಶಾಲೆಗೆ ರಜೆ. ಚಿಕ್ಕಪ್ಪನೇ ಕಬ್ಬು ಕೊಡುತ್ತಿದ್ದ. ದಪ್ಪ ಕಬ್ಬುಗಳ ಕಂತೆಯೊಂದು ಗಾಣದ ಉರುಳೆಗಳ ನಡುವೆ ಸಿಕ್ಕಿಕೊಂಡಿತು. ಭಾರಕ್ಕೆ ಇಂಜಿನ್ ಮುಲುಗಿ ಸಣ್ಣಗಾಯಿತು. ಅವನು ಹಲಗೆಯಿಂದ ಕಾಲು ತೆಗೆದ. ಇಂಜಿನ್ ಹೇಗೂ ಸಣ್ಣಗೇ ಇತ್ತಲ್ಲ, ಬಿಲ್ಲೆ ಮುಚ್ಚಿಕೊಂಡಿತೆಂದೇ ತಿಳಿದ. ಬಲಗೈ ಹಾಕಿ ಕಬ್ಬನ್ನು ಅಲ್ಲಾಡಿಸಿ ಎಳೆದ. ಕಬ್ಬು ಬಿಟ್ಟುಕೊಂಡಿತು. ಬಿಲ್ಲೆ ಮಾತ್ರ ಮುಚ್ಚಿರಲಿಲ್ಲ. ಭಾರ ಕಳೆದ ಇಂಜಿನ್ ಒಂದೇ ಸಲಕ್ಕೆ ಅಬ್ಬರಿಸಿತು, ಉರುಳೆಗಳು ಜಿಗಿದು ತಿರುಗಿದವು. ಮುಂದಿನದನ್ನು ನಾನು ಬರೆಯುವುದಿಲ್ಲ. ಅಪ್ಪ ಓಡಿ ಬಂದು ಇಂಜಿನ್ನಿನ ಕರೆಂಟು ತಂತಿ ಕಿತ್ತು ನಿಲ್ಲಿಸಿದರು. ಅವತ್ತಿನ ಕಬ್ಬಿನ ಹಾಲನ್ನೆಲ್ಲ ಗದ್ದೆಗೆ ಚೆಲ್ಲಿದರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆದರು.

ತಿಂಗಳ ಮೇಲೆ ಮನೆಗೆ ಬಂದವನು ಮೂರನೇ ದಿನವೇ ಎದ್ದು ಆಲೆಮನೆಗೆ ಹೋದ. ನಾನೂ ಹಿಂದೆ ಹೋದೆ. ಎಡಗೈಯಲ್ಲಿ ಸ್ಪ್ಯಾನರು ಹಿಡಿದು ಒದ್ದಾಡಿ ಆ ಮೂಗನ್ನು ಬಿಚ್ಚಿದ. ಬಿಲ್ಲೆಯ ಅಚ್ಚಿನ ಸುತ್ತ ಕಂದು ಬಣ್ಣದ ಮೇಣದಂಥದ್ದು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದ. ಗಾಡಿಯ ಕೀಲು ಬಿಸಿಯಾಗುವುದಿಲ್ಲ, ಅಲ್ಲಿ ಹರಳೆಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಇಲ್ಲಿ ದಿನಾ ಕಾದು ಕಾದು ಅಂಟಾಗಿ, ಬಿಲ್ಲೆ ಮುಚ್ಚದಂತೆ ಹಿಡಿದಿತ್ತು. ಆಮೇಲೆ ಆ ಅಂಟನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದ. ಚೆನ್ನಾಗಿಯೇ ಇದ್ದ ಸ್ಪ್ರಿಂಗನ್ನು ಕಾಲಡಿ ಒತ್ತಿಕೊಂಡು, ಇಕ್ಕಳದಿಂದ ತಿರುಚಿ ಮುರಿದ. ‘ಸ್ಪ್ರಿಂಗ್ ಮುರ್ದಿತ್ತು ಕಣ್ ಮಗ, ಅಷ್ಟೇಯ. ಅವ್ವಂಗೆ ಬ್ಯಾರೆ ಏನೂ ಹೇಳ್ಬೇಡ’ ಅಂದ. ನಾನು ತಲೆಯಾಡಿಸಿದೆ.

ಮುರಿದ ಸ್ಪ್ರಿಂಗಿನ ಸುದ್ದಿ ಊರೆಲ್ಲ ಸುತ್ತಿತು. ಮನೆಯಲ್ಲಿ ಮಾಡಿದ ಮಾಲು, ಇನ್ನೇನಾಗುತ್ತೆ ಎಂದರು ಜನ. ಸಂತೆಬಾಚಹಳ್ಳಿಯವರು ಕೈ ನೋಡಲು ಬಂದರು, ಕಾಫಿ ಕುಡಿದು ಹೋದರು, ಮೂಗಿನ ಮಾತೆತ್ತಲಿಲ್ಲ. ಚಿಕ್ಕಪ್ಪ ಎಲ್ಲವನ್ನೂ ಒಪ್ಪಿಕೊಂಡು ಕೂತಿರುತ್ತಿದ್ದ. ಅಜ್ಜಿ ಮಾತ್ರ ಮೂರು ಹೊತ್ತೂ ಅವನ ಪಕ್ಕ ಕೂತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಒಂದೊಂದು ತುತ್ತಿಗೂ ಒಂದೊಂದು ಬೈಗುಳ. ‘ನುಂಗ್ಲಾ. ಎರಡ್ ಕಾಸಿನ್ ಸ್ಪ್ರಿಂಗ್ ನೋಡ್ಕೊಳಕ್ಕಾಗ್ನಿಲ್ಲ, ದೊಡ್ಡ ಇಂಜಿನಿಯರ್ರು!’ ಅವನು ನುಂಗುತ್ತಿದ್ದ. ಒಮ್ಮೊಮ್ಮೆ ನಗುತ್ತಿದ್ದ ಕೂಡ. ಆ ಬೈಗುಳದ ಆಸರೆಯಲ್ಲೇ ಅವರಿಬ್ಬರೂ ಬದುಕುತ್ತಿದ್ದರೆಂಬುದು ಹನ್ನೊಂದರ ನನಗೆ ತಿಳಿಯಲಿಲ್ಲ. ಅದು ನನಗೆ ಅನ್ಯಾಯವಾಗಿ ಕಂಡಿತು.

ಒಂದು ಮಧ್ಯಾಹ್ನ ನೆಂಟರೆಲ್ಲ ಇದ್ದಾಗ ಅಜ್ಜಿ, ‘ಕೆಲ್ಸ ಬರ್ದೋನ ಕೈ ಇದ್ರೆಷ್ಟು, ಹೋದ್ರೆಷ್ಟು’ ಅಂದುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ‘ಸ್ಪ್ರಿಂಗಲ್ಲ ಅಜ್ಜಿ, ನೀನ್ ಬುಟ್ಟಿದ್ದ ಎಣ್ಣೆ! ಅದು ಕಾದು ಅಂಟಾಗಿತ್ತು. ಚಿಕ್ಕಪ್ಪ ತೊಳ್ದಾಕಿದ್ನ ನಾನೇ ನೋಡಿವ್ನಿ’ ಎಂದು ಕೂಗಿದೆ. ತುತ್ತು ಹಿಡಿದಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ಅವನನ್ನು ನೋಡಿದಳು. ಅವನು ‘ಮಗ ಏನೋ ಒದರ್ತದೆ ಬುಡವ್ವ’ ಅಂದ. ಆದರೆ ಅವಳ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ತುತ್ತನ್ನು ತಟ್ಟೆಗೆ ಇಟ್ಟು ಅಜ್ಜಿ ಹಿತ್ತಲಿಗೆ ಹೋದಳು.

ಅವತ್ತಿನಿಂದ ಅವಳು ಅವನಿಗೆ ಬೈಯಲಿಲ್ಲ. ಉಣ್ಣಿಸಲೂ ಇಲ್ಲ. ತಟ್ಟೆಯನ್ನು ಅವನ ಮುಂದೆ ಇಟ್ಟು, ಪರರ ಮನೆಯವಳಂತೆ ತಲೆತಗ್ಗಿಸಿ ಆಚೆ ಹೋಗುತ್ತಿದ್ದಳು. ಅವನು ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಕಲಿತ. ಎಣ್ಣೆ ಕುಡಿಕೆ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ಚಿಕ್ಕಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಹೀಗೆ ನಾಲ್ಕು ವರ್ಷ ಕಳೆಯಿತು. ಅಜ್ಜಿ ಮಲಗಿದಲ್ಲೇ ಆದಾಗ ಚಿಕ್ಕಪ್ಪನೇ ಅವಳಿಗೆ ಗಂಜಿ ಕುಡಿಸುತ್ತಿದ್ದ. ಇನ್ನೊಬ್ಬರ ಬಾಯಿಗೆ ಚಮಚ ಹಿಡಿಯಲು ಅವನ ಎಡಗೈ ಪಳಗಿರಲಿಲ್ಲ. ಕೊನೆಯ ದಿನ ಚಮಚ ಅಲುಗಿ ಗಂಜಿ ಅವಳ ಕತ್ತಿನ ಮೇಲೆ, ಸೀರೆಯ ಮೇಲೆ ಚೆಲ್ಲಿತು. ನಾನು ಬಾಗಿಲಲ್ಲಿದ್ದೆ. ಅವನು ಚಮಚ ಕೆಳಗಿಟ್ಟು, ಅವಳ ಮುಖದ ಹತ್ತಿರ ಬಗ್ಗಿದ.

‘ಚೆಲ್ಬುಟ್ಟೆ ಕಣವ್ವ. ನೋಡು, ಎಲ್ಲ ಚೆಲ್ಬುಟ್ಟೆ. ಒಂದೇ ಒಂದ್ ಸಲ ಬಯ್ಯವ್ವ.’

ಅಜ್ಜಿ ಅವನ ಮೋಟು ಕೈಯನ್ನು ಎಳೆದು ತನ್ನ ಬಾಯಿಗೆ ಒತ್ತಿಕೊಂಡಳು. ಬೈಯಲಿಲ್ಲ.