ಗೂಡಿನ ಮುಂದಿನ ಗೋಣಿತಟ್ಟು

ಕಾಲಿನ ಮೂಳೆ ಮುರಿದು ಘಣಸೋಲಿಯ ಫ್ಲ್ಯಾಟಿನಲ್ಲಿ ಆರು ವಾರ ಮಲಗಬೇಕಾಗಿ ಬಂದಾಗ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಡೈನೋಸಾರ್‌ಗಳ ಪಾರ್ಕ್ ನಡೆಸುವ ಆಟ. ಬೇಲಿ ಹಾಕಬೇಕು, ಪ್ರಾಣಿಗಳ ಮೇವು ನೀರು ನೋಡಬೇಕು, ಬಂದ ಜನ ನೋಡಿ ಖುಷಿಪಡಬೇಕು.

"ಮಮ್ಮೀ, ಬೋರ್ ಆಯ್ತು ಅಂತ ಮತ್ತೆ ಮತ್ತೆ ಫೋನ್ ಮಾಡ್ಬೇಡ, ಅಷ್ಟೇ," ಎಂದು ಅವಳು ಕಾಲೇಜಿಗೆ ಹೋದಳು.

ಯಾವುದನ್ನೂ ಅರೆಬರೆ ಕಲಿತವಳಲ್ಲ ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಆಟದ ಸೂಚನೆಗಳನ್ನೂ ಪರೀಕ್ಷೆಗೆ ಓದಿದ ಹಾಗೇ ಓದಿದೆ. ಎರಡನೇ ವಾರಕ್ಕೆ ಮೂರು ಕೊಂಬಿನ ಹೆಣ್ಣು ಡೈನೋಸಾರೊಂದು ಮೊಟ್ಟೆ ಇಟ್ಟಿತು. ಅದರ ಗಂಡು ಆಗಲೇ ಸತ್ತುಹೋಗಿತ್ತು. ಆ ಜಾತಿ ಪಾರ್ಕಿನಲ್ಲಿ ಉಳಿಯಬೇಕಾದರೆ ಈ ಮೊಟ್ಟೆಗಳಿಂದಲೇ ಮರಿ ಬರಬೇಕು. ತಾಯಿ ಬಹಳ ಹೊತ್ತು ಗೂಡು ಬಿಟ್ಟಿದ್ದರೆ ಮೊಟ್ಟೆ ಕೆಡುತ್ತವೆ ಎಂದು ಆಟವೇ ಎಚ್ಚರಿಸುತ್ತಿತ್ತು.

ಅದು ಗೂಡಿನ ಮೇಲೆ ಕೂರಲೇ ಇಲ್ಲ. ಬೇಲಿಗುಂಟ ಸುತ್ತುತ್ತಲೇ ಇತ್ತು. ಅದರ ಸ್ಥಿತಿ ತೋರಿಸುವ ಪಟ್ಟಿ ತೆಗೆದು ನೋಡಿದೆ. ಮೇವು ಹಸಿರು, ನೀರು ಹಸಿರು, ಜಾಗ ಹಸಿರು. ನೆಮ್ಮದಿ ಒಂದೇ ಕೆಂಪು. ಮೇವು ಬದಲಿಸಿದೆ, ಹತ್ತಿರವೇ ಹೊಂಡ ತೋಡಿದೆ, ಡಾಕ್ಟರನ್ನು ಕಳಿಸಿದೆ. ಕೆಂಪು ಕೆಂಪಾಗಿಯೇ ಉಳಿಯಿತು.

ನನ್ನನ್ನು ನೋಡಿಕೊಳ್ಳಲು ಬಂದಿದ್ದ ಅವ್ವ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವ್ವ ಓದಿದವಳಲ್ಲ. ವಿಜಯಪುರದ ಕಡೆಯಿಂದ ಬಂದು, ಕಲ್ಯಾಣ-ಭಿವಂಡಿ ರಸ್ತೆಯ ಒಂದು ತಬೇಲಾದಲ್ಲಿ ಅಪ್ಪನ ಜೊತೆ ಮೂವತ್ತು ವರ್ಷ ಎಮ್ಮೆಗಳ ಸಗಣಿ ಬಾಚಿ ಹಾಲು ಕರೆದವಳು. ನಾನು ಬೆಳೆದದ್ದೂ ಆ ತಬೇಲಾದ ಮೂಲೆಯ ಖೋಲಿಯಲ್ಲೇ. ಎರಡು ಸಲ ಸೋಪು ಹಚ್ಚಿ ತೊಳೆದರೂ ಕೂದಲಲ್ಲಿ ವಾಸನೆ ಉಳಿದಿರಬಹುದೆಂದು ಕಾಲೇಜಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ.

"ಅದರ ಮುಂದ ನಿಂತಾರಲ್ಲ, ಆ ಮಂದಿ ಯಾರು?" ಅವ್ವ ಕೇಳಿದಳು.

"ನೋಡಾಕ ಬಂದವ್ರು. ಗೂಡು ಚಲೋ ಕಾಣ್ಲಿ ಅಂತ ನಾನ ಅಲ್ಲಿ ಗ್ಯಾಲರಿ ಕಟ್ಟೀನಿ."

"ಬಾಣಂತಿ ಮುಂದ ಸಂತಿ ಕೂಡಿಸಿ ನೆಮ್ಮದಿ ಹುಡುಕಾಕತ್ತಿ. ಏನ್ ಓದೀಯೋ ಏನೋ."

"ಅವ್ವಾ, ಇದು ಎಮ್ಮಿ ಅಲ್ಲ. ಕಂಪ್ಯೂಟರು."

"ಹಂಗಾರ ಕೆಂಪ್ಯಾಕ ಆಗೇತಿ?"

ತಬೇಲಾದ ದಿನಗಳು ನೆನಪಾದವು. ಹೊಸದಾಗಿ ಈದ ಎಮ್ಮೆ, ಹಾಲಿಗೆ ಬಂದ ಗಿರಾಕಿಗಳನ್ನು ಕಂಡರೆ ಒದೆಯುತ್ತಿತ್ತು, ಹಾಲು ಬಿಡುತ್ತಿರಲಿಲ್ಲ. ಆಗ ಅವ್ವ ಅದರ ಮುಂದೆ ಗೋಣಿತಟ್ಟು ಇಳಿಬಿಡುತ್ತಿದ್ದಳು. ಆಟದಲ್ಲಿ ಗೋಣಿತಟ್ಟು ಎಲ್ಲಿಂದ ತರಲಿ? ಗ್ಯಾಲರಿಗೂ ಗೂಡಿಗೂ ನಡುವೆ ಒತ್ತೊತ್ತಾಗಿ ಮರ ನೆಟ್ಟೆ.

"ಇನ್ನೊಂದು ಸಾಲು ಹಚ್ಚು. ಸಂದಿ ಉಳದೈತಿ."

ಹಚ್ಚಿದೆ. ಸ್ವಲ್ಪ ಹೊತ್ತಿಗೆ ಕೆಂಪು ಹಳದಿಗೆ ತಿರುಗಿತು. ಹೆಣ್ಣು ಇನ್ನೂ ಎರಡು ಸುತ್ತು ಹಾಕಿ, ಬಂದು ಗೂಡಿನ ಮೇಲೆ ಕೂತಿತು.

"ನಿನಗೂ ಹಿಂಗ ಮಾಡಿದ್ನಲ್ಲ," ಅಂದಳು ಅವ್ವ, ಬೆಳ್ಳುಳ್ಳಿ ಸಿಪ್ಪೆ ಊದುತ್ತ.

"ಏನು?"

"ನಿನ್ನ ಬಾರಾವಿ ಪರೀಕ್ಷಾದಾಗ. ಹಾಲಿಗೆ ಬಂದವ್ರು ಒಳಗ ಇಣಿಕಿ, ಸಗಣಿ ಬಾಚಾಕಿ ಏನ್ ಓದ್ತಾಳ ಅಂತ ನಗತಿದ್ರು. ನೀ ಪುಸ್ತಕ ಮುಚ್ಚಿಬಿಡ್ತಿದ್ದಿ. ಅದಕ್ಕ ಬಾಗಲಕ್ಕ ತಟ್ಟು ಕಟ್ಟಿದ್ದೆ."

ಹನ್ನೆರಡನೇ ತರಗತಿಯ ಪರೀಕ್ಷೆ ಹೊತ್ತಿನ ಆ ತಟ್ಟು ನನಗೆ ನೆನಪಿದೆ. ಸೊಳ್ಳೆ ಬರಬಾರದೆಂದು ಕಟ್ಟಿದ್ದು ಅಂದುಕೊಂಡಿದ್ದೆ. ಬೆಳಕಿಗೆ ಅಡ್ಡ ಬರುತ್ತದೆಂದು ಅವ್ವನ ಮೇಲೆ ರೇಗಿದ್ದೂ ಉಂಟು. ತಬೇಲಾದಲ್ಲಿ ಓದಿದೆ, ಯಾರ ಹಂಗೂ ಇಲ್ಲದೆ ಪಾಸಾದೆ ಎಂದು ಆಮೇಲೆ ಆಫೀಸಿನಲ್ಲಿ ಎಷ್ಟೋ ಸಲ ಎದೆಯುಬ್ಬಿಸಿ ಹೇಳಿದ್ದೇನೆ. ಓದಿದ್ದು ನಾನೇ, ಅದು ಸುಳ್ಳಲ್ಲ. ಆದರೆ ಆ ಕಥೆಯಲ್ಲಿ ಒಮ್ಮೆಯೂ ತಟ್ಟಿನ ಮಾತು ಬಂದಿರಲಿಲ್ಲ.

"ಆವಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ತಟ್ಟು ನೋಡ್ಕೋತ ಕೂಡತಿದ್ದಿ. ಓದ್ಲಿ ಅಂತ ಕಟ್ಟಿದ್ದು."

ಗ್ಯಾಲರಿಯಿಂದ ಏನೂ ಕಾಣದೆ ಪಾರ್ಕಿಗೆ ಬರುವ ಜನ ಕಡಿಮೆಯಾದರು, ನಾನು ಕಷ್ಟಪಟ್ಟು ಪಾರ್ಕಿಗೆ ಗಳಿಸಿದ್ದ ದರ್ಜೆಯ ನಕ್ಷತ್ರಗಳಲ್ಲಿ ಒಂದು ಹೋಯಿತು. ಮೂರನೇ ದಿನ, ಮೊಟ್ಟೆಯೊಡೆದು ಎರಡು ಮರಿ ಬಂದಿವೆ ಎಂದು ಪರದೆಯ ಮೇಲೆ ಸುದ್ದಿ ಮೂಡಿತು. ಮರಗಳ ಮರೆಯಲ್ಲಿ ನನಗೂ ಗೂಡು ಕಾಣುತ್ತಿರಲಿಲ್ಲ. ಒಂದೇ ಒಂದು ಮರ ತೆಗೆದರೆ ಸಾಕೆಂದು ಕೈ ಮುಂದೆ ಹೋಯಿತು.

"ಏ, ಬಿಡು," ಅಂದಳು ಅವ್ವ. "ತಾವ ಹೊರಗ ಬರ್ತಾವು."

ಕೈ ಹಿಂದಕ್ಕೆ ತೆಗೆದೆ. ಪ್ಲಾಸ್ಟರಿನ ಕಾಲನ್ನು ಅವ್ವ ದಿಂಬಿನ ಮೇಲೆ ಸರಿಯಾಗಿ ಇಟ್ಟಳು. ಲ್ಯಾಪ್‌ಟಾಪನ್ನು ಅವಳ ಕಡೆಗೂ ಸ್ವಲ್ಪ ತಿರುಗಿಸಿದೆ. ಇಬ್ಬರೂ ಮರಗಳನ್ನೇ ನೋಡುತ್ತ ಕೂತೆವು.